ಹಿತ್ತಾಳೆ ಕೇಸ್ ತೊಳೆಯೋ ಮೆಷಿನ್: ಹೊಳಪಿಗಿಂತ ಮೊದಲು ಧೂಳು ನೋಡಿ

ಅಮೆರಿಕದ ಶೂಟಿಂಗ್ ರೇಂಜ್‌ಗಳಲ್ಲಿ ಗುಂಡು ಹಾರಿಸಿದ ಮೇಲೆ ಹಲವರು ಖಾಲಿ ಹಿತ್ತಾಳೆ ಕೇಸ್‌ಗಳನ್ನು ಆರಿಸಿ ಮನೆಗೆ ತರ್ತಾರೆ. ತೊಳೆದು, ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿ ಮತ್ತೆ ಬಳಸೋ ಹವ್ಯಾಸ ಇದು. ಹೆಸರು ರೀಲೋಡಿಂಗ್. ಅಲ್ಲಿರೋ ನಮ್ಮವರು ಇದಕ್ಕೆ ಕೈ ಹಾಕೋ ಮುಂಚೆ ವೀಸಾ ನೋಡ್ಕೊಳ್ಳಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು, ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ. ಆ ಕಾನೂನಿನಲ್ಲಿ ಖಾಲಿ ಕೇಸ್ ಕೂಡ ಮದ್ದುಗುಂಡೇ! ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಭಾರತದಲ್ಲಂತೂ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ.

ಹೊಸಬರು ಸಾಮಾನ್ಯವಾಗಿ ಮೊದಲು ಕೊಳ್ಳೋದು ವೈಬ್ರೇಟರಿ ಟಂಬ್ಲರ್. ಬಟ್ಟಲಿನ ತುಂಬ ಮೆಕ್ಕೆಜೋಳದ ದಿಂಡಿನ ನುಚ್ಚು ಅಥವಾ ವಾಲ್‌ನಟ್ ಚಿಪ್ಪಿನ ಪುಡಿ, ಅದರೊಳಗೆ ಕೇಸ್‌ಗಳು. ಕೆಲವು ಗಂಟೆ ಗಡಗಡ ಅಂದರೆ ಕೆಲಸ ಮುಗೀತು. ಅಗ್ಗ, ಒಣಗಿಸೋ ರಗಳೆಯೂ ಇಲ್ಲ. ತೊಂದರೆ ಇರೋದು ಧೂಳಿನಲ್ಲಿ. ಸಾಮಾನ್ಯ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತ ಇರುತ್ತೆ. ಉರಿದ ಮೇಲೆ ಅದರ ಮಸಿ ಕೇಸ್ ಒಳಗೆ ಕೂರುತ್ತೆ, ಅಲ್ಲಿಂದ ಆ ಪುಡಿಗೆ ಸೇರುತ್ತೆ. ಜರಡಿ ಹಿಡಿದಾಗ ಏಳೋ ಧೂಳು ಕೈಗೆ, ಬಟ್ಟೆಗೆ, ಕಾರ್ಪೆಟ್‌ಗೆ. ಅಂಬೆಗಾಲಿಡೋ ಮಗು ಕೈ ಇಡೋದೂ ಅದೇ ಕಾರ್ಪೆಟ್ ಮೇಲೆ, ಆಮೇಲೆ ಬಾಯಿಗೆ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಕ್ರಮ ತಗೊಳ್ಳಿ ಅಂತ ಅಲ್ಲಿನ ಸಿಡಿಸಿ 2021ರಲ್ಲಿ ಇಳಿಸಿದ ಮಟ್ಟ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ. ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ. ಹಾಗಾಗಿ ಈ ಮೆಷಿನ್ ಬೇಕೇ ಬೇಕು ಅಂದರೆ ಮುಚ್ಚಳ ಹಾಕಿ ಹೊರಗೆ ಓಡಿಸಿ. ಜರಡಿಯೂ ಹೊರಗೇ, ಮಾಸ್ಕ್ ಮತ್ತು ಗ್ಲೌಸ್ ಸಮೇತ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನನ್ನ ಓಟು ವೆಟ್ ಟಂಬ್ಲರ್‌ಗೆ. ತಿರುಗೋ ಡ್ರಮ್‌ನಲ್ಲಿ ನೀರು, ಸಣ್ಣ ಸ್ಟೀಲ್ ಪಿನ್‌ಗಳು, ಪಾತ್ರೆ ತೊಳೆಯೋ ಲಿಕ್ವಿಡ್, ಚಿಟಿಕೆ ಸಿಟ್ರಿಕ್ ಆಸಿಡ್. ಅಜ್ಜಿ ಹುಣಸೆಹಣ್ಣು ಹಚ್ಚಿ ತಂಬಿಗೆ ಬೆಳಗ್ತಿದ್ದ ಅದೇ ಹುಳಿಯ ಉಪಾಯ. ಹುಳಿ ಜಾಸ್ತಿಯಾದರೆ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಹುಷಾರು. ಧೂಳು ಏಳಲ್ಲ, ಆದರೆ ಸೀಸ ಆ ಕಪ್ಪು ನೀರಲ್ಲೇ ಇರುತ್ತೆ. ಅಡುಗೆಮನೆ ಸಿಂಕ್ ಹತ್ತಿರಕ್ಕೂ ಅದನ್ನ ತರಬೇಡಿ. ಇನ್ನು ಪಿನ್ ಒಂದೂ ಒಳಗೆ ಉಳಿಯಬಾರದು, ಕೇಸ್ ಪೂರ್ತಿ ಒಣಗಬೇಕು. ತೇವ ಇದ್ದರೆ ಮದ್ದು ಕೆಡುತ್ತೆ. ಒಣಗಿಸೋಕೆ ಅಡುಗೆಯ ಓವನ್ ಬೇಡವೇ ಬೇಡ.

ಅಲ್ಟ್ರಾಸಾನಿಕ್ ಕ್ಲೀನರ್ ಒಳಗಿನ ಮಸಿ ತೆಗೆಯುತ್ತೆ, ಹೊಳಪು ಕೊಡಲ್ಲ. ಸ್ವಲ್ಪ ಕೇಸ್ ಇದ್ದವರಿಗೆ ಸಾಕು.

ಯಾವ ಮೆಷಿನ್ ಆದರೂ ಅಮೋನಿಯಾ ಇರೋ ಪಾಲಿಶ್ ಹಾಕಬೇಡಿ. ಇದಕ್ಕೆ ಸಾಕ್ಷಿ ನಮ್ಮ ದೇಶದ್ದೇ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳ ಹಿತ್ತಾಳೆ ತಾನಾಗೇ ಬಿರುಕು ಬಿಡ್ತಿತ್ತು. ಹೆಸರೇ ಸೀಸನ್ ಕ್ರ್ಯಾಕಿಂಗ್ ಅಂತ ಬಿತ್ತು. ಕುದುರೆ ಮೂತ್ರದ ಅಮೋನಿಯಾವೇ ಕಾರಣ ಅಂತ ಸ್ಪಷ್ಟವಾಗಿ ವಿವರಿಸಿದ್ದು 1921ರಲ್ಲಿ.

ನಿಜ ಹೇಳಬೇಕಂದರೆ, ತಿಂಗಳಿಗೆ ನೂರು ಕೇಸ್ ಅಷ್ಟೇ ಇದ್ದರೆ ಮೆಷಿನ್ನೇ ಬೇಡ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಬಿಸಿನೀರು, ಸೋಪು, ಸ್ವಲ್ಪ ಸಿಟ್ರಿಕ್ ಆಸಿಡ್ ಹಾಕಿ ಅಲ್ಲಾಡಿಸಿ, ಚೆನ್ನಾಗಿ ತೊಳೆದು ಒಣಗಿಸಿ. ಕನ್ನಡಿಯಂಥ ಹೊಳಪು ಬರಲ್ಲ. ಗುರಿ ತಾಗೋಕೆ ಅದು ಬೇಕಾಗೂ ಇಲ್ಲ. ಬಿರುಕು ಕಾಣುವಷ್ಟು ಸ್ವಚ್ಛ ಆದರೆ ಆಯ್ತು. ಆ ಡಬ್ಬಿಗೆ ಮಾತ್ರ ದೊಡ್ಡಕ್ಷರದಲ್ಲಿ ಹೆಸರು ಬರೆದು, ಗರಾಜ್‌ನಲ್ಲೇ ಇಡಿ.