ಬೆನ್ನೆಲುಬಿಗೆ ಸ್ಕ್ರೂ: ದಾರಿ ತೋರುವ ಕಂಪ್ಯೂಟರ್

‘ಬೆನ್ನಿಗೆ ಆಪರೇಷನ್ ಮಾಡಿಸಿದರೆ ಕಾಲು ಬಿದ್ದುಹೋಗುತ್ತದಂತೆ, ನಿಜವೇ ಡಾಕ್ಟ್ರೇ?’ ಬೆನ್ನೆಲುಬಿಗೆ ಸ್ಕ್ರೂ ಹಾಕಬೇಕೆಂದು ತಜ್ಞರು ಹೇಳಿದಾಗ ಮನೆಮಂದಿ ಕೇಳುವ ಮೊದಲ ಪ್ರಶ್ನೆ ಇದು. ಹಾಗಾಗುವುದು ಅಪರೂಪ. ಆದರೆ ಈ ಭಯ ನಿರಾಧಾರವೂ ಅಲ್ಲ.

ಬೆನ್ನೆಲುಬು ಒಂದರ ಮೇಲೊಂದು ಕುಳಿತ ಮಣಿಗಳ ಸಾಲು. ಮಣಿಯ ಮುಂಭಾಗವನ್ನು ಹಿಂಭಾಗಕ್ಕೆ ಜೋಡಿಸುವ ಎರಡು ಗಿಡ್ಡ ಮೂಳೆಸೇತುವೆಗಳು ಎಡಬಲಗಳಲ್ಲಿವೆ. ಇವಕ್ಕೆ ಪೆಡಿಕಲ್ ಎಂದು ಹೆಸರು. ಸ್ಕ್ರೂ ಇವುಗಳೊಳಗೇ ಹಾದುಹೋಗಬೇಕು. ಸೊಂಟದ ಕೊನೆಯ ಮಣಿಯಲ್ಲಿ ಈ ಸೇತುವೆ ಒಂದು ಸೆಂಟಿಮೀಟರಿಗಿಂತ ಅಗಲ. ಎದೆಯ ನಡುಭಾಗದ ಮಣಿಗಳಲ್ಲಾದರೋ ಸುಮಾರು 4ರಿಂದ 6 ಮಿಲಿಮೀಟರ್ ಮಾತ್ರ. ಒಳಮಗ್ಗುಲಲ್ಲಿ ಬೆನ್ನುಹುರಿ, ಕೆಳಗೆ ನರ. ದಾರಿ ತಪ್ಪಿದರೆ ಇವಕ್ಕೆ ಪೆಟ್ಟು.

ಫ್ರಾನ್ಸಿನ ಶಸ್ತ್ರವೈದ್ಯ ರೇಮಂಡ್ ರಾಯ್-ಕಮಿಲ್ 1963ರಿಂದ ಇಂಥ ಸ್ಕ್ರೂಗಳನ್ನು ಬಳಸತೊಡಗಿದರು. ಮೂಳೆಯ ಗುರುತು, ಕೈಯ ಅನುಭವ ಮತ್ತು ಎಕ್ಸ್-ರೇ, ಇವೇ ಆಗ ಆಧಾರ. 1990ರ ದಶಕದಲ್ಲಿ ಇವಕ್ಕೆ ಕಂಪ್ಯೂಟರ್ ನ್ಯಾವಿಗೇಷನ್ ಜೊತೆಯಾಯಿತು.

ಹೇಗೆ ಕೆಲಸ ಮಾಡುತ್ತದೆ?

ರೋಗಿಯ ಒಂದು ಮಣಿಗೆ ಚಿಕ್ಕ ಚೌಕಟ್ಟನ್ನು ಬಿಗಿಯುತ್ತಾರೆ. ಅದರಲ್ಲೂ ಉಪಕರಣಗಳಲ್ಲೂ ಇರುವ ಪುಟ್ಟ ಗೋಲಿಗಳನ್ನು ಇನ್‌ಫ್ರಾರೆಡ್ ಕ್ಯಾಮೆರಾ ಸದಾ ಗಮನಿಸುತ್ತಿರುತ್ತದೆ. ಕಂಪ್ಯೂಟರ್ ಇದನ್ನು ಸಿ.ಟಿ. ಚಿತ್ರದೊಡನೆ ತಾಳೆ ನೋಡಿ, ಉಪಕರಣದ ತುದಿ ಮೂಳೆಯಲ್ಲಿ ಎಲ್ಲಿದೆಯೆಂದು ಪರದೆಯ ಮೇಲೆ ತೋರಿಸುತ್ತದೆ.

ಈ ವಿಧಾನದಲ್ಲಿ ಹೆಚ್ಚು ಸ್ಕ್ರೂಗಳು ಸರಿಯಾದ ಜಾಗದಲ್ಲಿ ಕೂರುತ್ತವೆಂದು ಅಧ್ಯಯನಗಳು ತೋರಿಸಿವೆ. ಡೊಂಕಾದ ಬೆನ್ನು, ಕಿರಿದಾದ ಪೆಡಿಕಲ್, ಎರಡನೇ ಬಾರಿಯ ಶಸ್ತ್ರಚಿಕಿತ್ಸೆ, ಇಂಥ ಕಡೆ ಉಪಯೋಗ ಹೆಚ್ಚು. ಆದರೆ ಚೌಕಟ್ಟಿಗೆ ಕೈ ತಗುಲಿ ಅದು ಸರಿದರೆ, ಪರದೆ ತೋರುವುದೊಂದು, ನಿಜವಾಗಿ ಇರುವುದು ಇನ್ನೊಂದು! ಅದಕ್ಕೇ ಶಸ್ತ್ರವೈದ್ಯರು ತಮಗೆ ಗೊತ್ತಿರುವ ಮೂಳೆಯ ಗುರುತನ್ನು ಮುಟ್ಟಿ ಆಗಾಗ ತಾಳೆ ನೋಡುತ್ತಾರೆ. ಯಂತ್ರ ನುರಿತ ಕೈಗೆ ಸಹಾಯಕ, ಅದಕ್ಕೆ ಬದಲಿ ಅಲ್ಲ.

ನೀವು ಕೇಳಬೇಕಾದುದು

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ‘ಸ್ಕ್ರೂ ಬೇಕೇ?’ ಇದಕ್ಕೆ ಕಂಪ್ಯೂಟರ್ ಉತ್ತರಿಸದು. ಮುರಿದು ಅಲುಗಾಡುವ ಮಣಿ, ಜಾರಿದ ಮಣಿ, ಕ್ಷಯದಿಂದ ಸವೆದ ಮಣಿ, ತೀವ್ರ ಡೊಂಕು, ಇವುಗಳಲ್ಲಿ ಬೇಕಾಗಬಹುದು. ಸಾಮಾನ್ಯ ಬೆನ್ನುನೋವಿಗೆ ಸ್ಕ್ರೂ ಚಿಕಿತ್ಸೆಯಲ್ಲ. ಡಿಸ್ಕ್ ಜಾರಿದವರಲ್ಲೂ ಬಹುಪಾಲು ಜನ ಔಷಧಿ ಮತ್ತು ವ್ಯಾಯಾಮದಿಂದ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

‘ನನಗೆ ಸ್ಕ್ರೂ ಏಕೆ? ಹಾಕಿಸದಿದ್ದರೆ ಏನಾಗುತ್ತದೆ? ನೀವು ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ? ನ್ಯಾವಿಗೇಷನ್ನಿಗೆ ಎಷ್ಟು ಹೆಚ್ಚು ಖರ್ಚು?’ ಎಂದು ಸಂಕೋಚವಿಲ್ಲದೆ ಕೇಳಿ. ಅವಸರವಿಲ್ಲದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಿರಿ.

ಆದರೆ ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ಕಾಯುತ್ತ ಕೂರಬೇಡಿ. ಅಂದೇ ಆಸ್ಪತ್ರೆ ಸೇರಿ.