ತಿರುಗುವ ತಟ್ಟೆ, ತಿಳಿಯಾಗುವ ಗಟಾರದ ನೀರು

ತಿರುಗುವ ತಟ್ಟೆ ವಿಧಾನದಲ್ಲಿ ಒಂದೇ ದಂಡಕ್ಕೆ ಪ್ಲಾಸ್ಟಿಕ್ ತಟ್ಟೆಗಳನ್ನು ಸಾಲಾಗಿ ಪೋಣಿಸಿರುತ್ತಾರೆ. ಶೇಕಡಾ 40ರಷ್ಟು ಭಾಗ ಕೊಳಚೆಯಲ್ಲಿ, ಉಳಿದದ್ದು ಗಾಳಿಯಲ್ಲಿ. ನಿಮಿಷಕ್ಕೆ ಒಂದೆರಡು ಸುತ್ತು; ಎತ್ತಿನ ಗಾಣದಷ್ಟೇ ನಿಧಾನ. ತಟ್ಟೆಗೆ ಅಂಟಿದ ಕಂದು ಲೋಳೆಯ ಸೂಕ್ಷ್ಮಜೀವಿಗಳು ಕೆಳಗೆ ಹೊಲಸು ತಿಂದು, ಮೇಲೆ ಬಂದು ಉಸಿರಾಡುತ್ತವೆ. ದಪ್ಪಗಾದ ಲೋಳೆ ತಾನೇ ಕಳಚಿ, ಮುಂದಿನ ತೊಟ್ಟಿಯ ತಳ ಸೇರುತ್ತದೆ.

ಕೊಳಚೆ ತಿಳಿಯಾಗಿಸಲು ಬೇರೆ ದಾರಿಗಳೂ ಇವೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡ ಸಕ್ರಿಯ ಕೆಸರು ವಿಧಾನಕ್ಕೆ ಹಗಲು-ರಾತ್ರಿ ಗಾಳಿ ಊದಬೇಕು. ಕರೆಂಟ್ ಬಿಲ್ ಏರುತ್ತದೆ. ಬಿಸಿಲಿಗೆ ಬಿಡುವ ಹೊಂಡಗಳಿಗೆ ಕರೆಂಟ್ ಬೇಡ, ಜಾಗ ಮಾತ್ರ ಎಕರೆಗಟ್ಟಲೆ. ಇನ್ನು ಇಂಗುಗುಂಡಿ? ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಯಂಥ ಕಡೆಯ ಎರೆಮಣ್ಣು ಹಸಿಯಾದರೆ ಉಬ್ಬಿಕೊಳ್ಳುತ್ತದೆ, ನೀರು ಇಂಗುವುದೇ ಕಷ್ಟ. ಹೀಗಾಗಿ ಗಟಾರದ ನೀರು ಇಳಿಜಾರು ಹಿಡಿದು ಹಳ್ಳ ಸೇರುತ್ತದೆ.

ತಟ್ಟೆಗೆ ಜಾಗವೂ ಕರೆಂಟೂ ಕಡಿಮೆ ಸಾಕು. ಆದರೆ ಕರೆಂಟ್ ಬಹಳ ಹೊತ್ತು ಹೋದರೆ ಮೇಲ್ಭಾಗದ ಲೋಳೆ ಒಣಗಿ, ತೂಕ ಒಂದೇ ಕಡೆ ವಾಲುತ್ತದೆ. ದಂಡ ಮುರಿದರಂತೂ ಅಷ್ಟೂ ತಟ್ಟೆ ಒಟ್ಟಿಗೇ ನಿಲ್ಲುತ್ತವೆ.