ಒರಾಕಲ್ ಡೇಟಾಬೇಸ್‌ಗೆ ಯಾವ ಲಿನಕ್ಸ್?

ಒರಾಕಲ್ ಡೇಟಾಬೇಸ್ 19ಸಿ ಓಡಿಸಲು ಲಿನಕ್ಸ್ ಆರಿಸುವಾಗ ಮೊದಲು ನೋಡಬೇಕಾದ್ದು ಜನಪ್ರಿಯತೆಯನ್ನಲ್ಲ, ಒರಾಕಲ್ ಒಪ್ಪಿರುವ ಪಟ್ಟಿಯನ್ನು. ಅದರಲ್ಲಿ ಮುಖ್ಯವಾಗಿ ಇರುವುದು ಒರಾಕಲ್ ಲಿನಕ್ಸ್, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಮತ್ತು ಸೂಸೆ ಲಿನಕ್ಸ್ ಎಂಟರ್‌ಪ್ರೈಸ್ ಸರ್ವರ್. ಡೆಬಿಯನ್ ಕೂಡ ಗಟ್ಟಿಯಲ್ಲವೇ ಎಂದು ಕೇಳಬಹುದು. ಗಟ್ಟಿಯೇ, ಅನುಮಾನವಿಲ್ಲ. ಆದರೆ ವಾಣಿಜ್ಯ ಡೇಟಾಬೇಸ್‌ಗೆ ನಾವು ದುಡ್ಡು ಕೊಡುವುದೇ ಅದು ಕೆಟ್ಟು ನಿಂತಾಗ ಕಂಪನಿಯವರು ಹೊಣೆ ಹೊರಲಿ ಎಂದು. ಪಟ್ಟಿಯಲ್ಲಿಲ್ಲದ ಓಎಸ್ ಹಾಕಿದರೆ ಆ ಹಿಡಿತವನ್ನು ನಾವೇ ಸಡಿಲಿಸಿಕೊಂಡಂತೆ.

ರೆಡ್ ಹ್ಯಾಟ್‌ನಂಥ ಲಿನಕ್ಸ್‌ಗೆ ಖರ್ಚಾಗುತ್ತದೆ ಎಂಬ ಮಾತು ನಿಜ. ಅದಕ್ಕೇ ಎಷ್ಟೋ ಕಂಪನಿಗಳು ರೆಡ್ ಹ್ಯಾಟ್‌ನ ಉಚಿತ ತದ್ರೂಪು ಸೆಂಟ್‌ಓಎಸ್ ನಂಬಿದ್ದವು. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆಂಬ ನಿರೀಕ್ಷೆಯಿತ್ತು. 2020ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸುವ ದಿಢೀರ್ ಘೋಷಣೆ ಬಂತು, 2021ರ ಕೊನೆಗೆ ಅಪ್‌ಡೇಟ್ ನಿಂತಿತು. ಆಗ ತಂತ್ರಾಂಶವೇನೂ ಕೆಟ್ಟಿರಲಿಲ್ಲ, ಮುರಿದದ್ದು ಭರವಸೆ. ಆಮೇಲೆ ಅದರ ಜಾಗಕ್ಕೆ ಬಂದ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಒಳ್ಳೆಯ ಕೆಲಸ ಮಾಡುತ್ತಿವೆ, ಆದರೂ ಒರಾಕಲ್‌ನ ಪಟ್ಟಿಯಲ್ಲಿಲ್ಲ. ಒರಾಕಲ್ ಲಿನಕ್ಸ್ ಪಟ್ಟಿಯಲ್ಲೂ ಇದೆ, ಅದರ ಡೌನ್‌ಲೋಡ್ ಮತ್ತು ಅಪ್‌ಡೇಟ್ ಎರಡೂ ಉಚಿತ. ಸಪೋರ್ಟ್ ಬೇಕಿದ್ದರಷ್ಟೇ ಹಣ. ಹಾಗಾಗಿ ನನ್ನ ಆಯ್ಕೆ ಅದೇ. ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿರುವುದು ಬೇಡ ಎನ್ನುವವರ ಆತಂಕವೂ ನ್ಯಾಯವಾದದ್ದೇ, ಅವರು ರೆಡ್ ಹ್ಯಾಟ್‌ಗೆ ಹಣ ತೆರಲಿ.